ಕೃಷ್ಣಾ ಕೊಳ್ಳದ ಸಿಹಿನೀರಿನ ಲೋಳೆಮೀನು

ಲೋಳೆಮೀನಿನ ಹೆಸರೆತ್ತಿದರೆ ಕರ್ನಾಟಕದವರಿಗೆ ನೆನಪಾಗುವುದು ಕಾರವಾರದಿಂದ ಮಂಗಳೂರಿನವರೆಗಿನ ಕರಾವಳಿ. ನೈಋತ್ಯ ಮಾರುತದ ತಿಂಗಳುಗಳಲ್ಲಿ ಅರಬ್ಬೀ ಸಮುದ್ರದ ತಳದ ತಂಪು ನೀರು ಪೋಷಕಾಂಶಗಳೊಡನೆ ಮೇಲಕ್ಕೆದ್ದು ಪ್ಲವಕಗಳು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮಜೀವಿಗಳು, ಹೇರಳವಾಗಿ ಬೆಳೆಯುತ್ತವೆ. ಬಂಗುಡೆ, ಬೂತಾಯಿ ಮೀನುಗಳಿಗೆ ಆಹಾರವಾಗುವ ಈ ಜೀವರಾಶಿಯೇ ಲೋಳೆಮೀನಿಗೂ ಆಹಾರ. ಆದರೆ ಇದೇ ಬಳಗಕ್ಕೆ ಸೇರಿದ, ಗ್ರಹಣಾಂಗಗಳಲ್ಲಿ ಕುಟುಕುವ ಕೋಶಗಳನ್ನು ಹೊತ್ತ ಒಂದು ಪುಟ್ಟ ಪ್ರಾಣಿ ಕಡಲಿಗೆ ಬೆನ್ನು ಮಾಡಿ ಪೂರ್ವಕ್ಕೆ ಹರಿಯುವ ಕೃಷ್ಣೆಯ ಉಪನದಿಗಳಲ್ಲಿ ಬಾಳುತ್ತದೆ ಎಂಬುದು ಗೊತ್ತಾಗಿ ನೂರಕ್ಕೂ ಹೆಚ್ಚು ವರ್ಷಗಳಾಗಿವೆ. ಗದಗ ಜಿಲ್ಲೆಯ ಮುಂಡರಗಿ ತಾಲೂಕಿನ ಕೊರ್ಲಹಳ್ಳಿಯ ಪಕ್ಕದಲ್ಲಿ ಹರಿಯುವ ತುಂಗಭದ್ರೆಯೂ ಇದೇ ಕೃಷ್ಣಾ ಕೊಳ್ಳದ ನದಿಯಾದುದರಿಂದ ಈ ಚರಿತ್ರೆ ಕಡಲನ್ನು ಕಾಣದ ಬಯಲುಸೀಮೆಯವರದೂ ಹೌದು.

ಸಿಹಿನೀರಿನಲ್ಲಿ ಲೋಳೆಮೀನು ಇರಬಹುದೆಂಬ ಸಂಗತಿ ವಿಜ್ಞಾನಿಗಳ ಗಮನ ಸೆಳೆದದ್ದು 1880ರಲ್ಲಿ, ಲಂಡನ್ನಿನ ರೀಜೆಂಟ್ಸ್ ಪಾರ್ಕ್ ಉದ್ಯಾನದಲ್ಲಿ ದೈತ್ಯ ತಾವರೆಗಳನ್ನು ಬೆಳೆಸಿದ್ದ ತೊಟ್ಟಿಯೊಂದರಲ್ಲಿ ಅದು ಕಾಣಿಸಿಕೊಂಡಾಗ. ಮೂರು ವರ್ಷಗಳ ಬಳಿಕ ಆಫ್ರಿಕಾದ ಟಾಂಗನ್ಯೀಕಾ ಸರೋವರದಲ್ಲಿ ಇನ್ನೊಂದು ಬಗೆಯದು ಕಂಡುಬಂತು; ಅದನ್ನು ಲಿಮ್ನೊಕ್ನಿಡಾ ಎಂಬ ಕುಲಕ್ಕೆ ಸೇರಿಸಲಾಯಿತು. ಆ ಸರೋವರ ಒಂದು ಕಾಲಕ್ಕೆ ಸಮುದ್ರದ ತೋಳಾಗಿದ್ದಿರಬೇಕು, ಅಲ್ಲಿಯ ಪ್ರಾಣಿಗಳು ಆ ಕಡಲಿನ ಶೇಷವಾಗಿರಬೇಕು ಎಂಬ ವಾದವನ್ನು ಇಂಗ್ಲಿಷ್ ಪ್ರಾಣಿವಿಜ್ಞಾನಿ ಮೂರ್ ಮುಂದಿಟ್ಟರು, ಆ ವಾದ ಕೊನೆಗೆ ನಿಲ್ಲಲಿಲ್ಲ.

ಭಾರತದ ಪಾತ್ರ ಆರಂಭವಾಗುವುದು ಇಲ್ಲಿಂದ. ಮುಂಬಯಿಯ ಎಲ್ಫಿನ್‌ಸ್ಟನ್ ಕಾಲೇಜಿನಲ್ಲಿ ಅಧ್ಯಾಪಕರಾಗಿದ್ದ, ಮಾಲ್ವಣದಲ್ಲಿ ಹುಟ್ಟಿದ ಶಂಕರ ಪುರುಷೋತ್ತಮ ಆಘಾರಕರ್ ಅವರು ಪಶ್ಚಿಮಘಟ್ಟದಲ್ಲಿ ಜೀವಿಗಳನ್ನು ಸಂಗ್ರಹಿಸುತ್ತ ತಿರುಗುತ್ತಿದ್ದಾಗ ಸಾತಾರಾ ಜಿಲ್ಲೆಯ ನದಿಗಳಲ್ಲಿ ಈ ಪ್ರಾಣಿಯನ್ನು ಗುರುತಿಸಿದರು. ಕಲ್ಕತ್ತೆಯ ಇಂಡಿಯನ್ ಮ್ಯೂಸಿಯಮ್ಮಿನ ಮುಖ್ಯಸ್ಥ ನೆಲ್ಸನ್ ಆನಂಡೇಲ್ ಅದನ್ನು ಪರೀಕ್ಷಿಸಿ, ಅದುವರೆಗೆ ಆಫ್ರಿಕಾದಲ್ಲಿ ಮಾತ್ರ ತಿಳಿದಿದ್ದ ಲಿಮ್ನೊಕ್ನಿಡಾ ಕುಲದ ಹೊಸ ಪ್ರಭೇದವೆಂದು ತೀರ್ಮಾನಿಸಿ, ಲಿಮ್ನೊಕ್ನಿಡಾ ಇಂಡಿಕಾ ಎಂದು ಹೆಸರಿಟ್ಟರು. 1912ರಲ್ಲಿ ಅದೇ ಮ್ಯೂಸಿಯಮ್ಮಿನ ಪ್ರಾಣಿವಿಜ್ಞಾನಿ ಗ್ರೇವ್ಲಿ ಮತ್ತು ಆಘಾರಕರ್ ಅದರ ಜೀವನಕ್ರಮ ಹಾಗೂ ವ್ಯಾಪ್ತಿಯ ಕುರಿತು ಜೊತೆಯಾಗಿ ಬರೆದರು. ಒಂದು ಸರೋವರದ ಒಗಟೆಂದು ತೋರಿದ್ದ ಪ್ರಶ್ನೆ ಎರಡು ಖಂಡಗಳ ಪ್ರಶ್ನೆಯಾಯಿತು. ಮುಂದೆ ಸಸ್ಯವಿಜ್ಞಾನದ ಪ್ರಾಧ್ಯಾಪಕರಾಗಿ ಹೆಸರಾದ ಆಘಾರಕರರು 1946ರಲ್ಲಿ ಪುಣೆಯಲ್ಲಿ ಸ್ಥಾಪನೆಯಾದ ಸಂಶೋಧನಾ ಸಂಸ್ಥೆಗೆ ನೆಲೆಗಟ್ಟು ಹಾಕಿದರು. ಆ ಸಂಸ್ಥೆ ಇಂದು ಅವರ ಹೆಸರನ್ನೇ ಹೊತ್ತಿದೆ.

ಪ್ರಾಣಿಯ ರೂಪವನ್ನು ಹತ್ತಿರದಿಂದ ನೋಡುವುದು ಇಲ್ಲಿ ಅಗತ್ಯ, ಏಕೆಂದರೆ ಅದರ ಚರಿತ್ರೆ ನದಿಯ ಚರಿತ್ರೆಗೆ ಗಂಟುಬಿದ್ದಿರುವುದು ಅದರ ಬದುಕಿನ ಕ್ರಮದಿಂದಲೇ. ತೆಳ್ಳನೆಯ, ಬಹುಮಟ್ಟಿಗೆ ಪಾರದರ್ಶಕವಾದ, ಒಂದೆರಡು ಸೆಂಟಿಮೀಟರಿಗಿಂತ ದೊಡ್ಡದಾಗದ ಬಿಲ್ಲೆಯಂಥ ದೇಹ, ಅದರ ಅಂಚಿನ ಸುತ್ತ ಸಾಲುಗಟ್ಟಿದ ಸೂಕ್ಷ್ಮ ಗ್ರಹಣಾಂಗಗಳು, ಕೆಳಭಾಗದ ನಡುವೆ ಅಗಲವಾದ ಬಾಯಿ: ಕಣ್ಣಿಗೆ ಬೀಳುವ ಈಜುರೂಪ ಇಷ್ಟೇ. ಇದಕ್ಕೆ ಮೆಡೂಸಾ ಎಂದು ಹೆಸರು. ಇನ್ನೊಂದು ರೂಪವಾದ ಪಾಲಿಪ್ ಕಣ್ಣಿಗೆ ಕಾಣಿಸುವುದೇ ಕಷ್ಟವೆನ್ನುವಷ್ಟು ಕಿರಿದಾಗಿದ್ದು, ನೀರಿನೊಳಗಿನ ಗಟ್ಟಿ ನೆಲೆಗೆ ಅಂಟಿಕೊಂಡಿದ್ದು, ಕಾಲ ಕೂಡಿಬಂದಾಗ ಮೊಗ್ಗೊಡೆದು ಮೆಡೂಸಾಗಳನ್ನು ಬಿಡುತ್ತದೆ. ಸಾತಾರೆಯ ಕಡೆ ಮೆಡೂಸಾಗಳು ಕಂಡದ್ದು ಬೇಸಗೆಯಲ್ಲಿ, ಹರಿವು ಕ್ಷೀಣಿಸಿ ಹೊಳೆ ಮಡುಗಳಾಗಿ ಒಡೆದ ಮೇಲೆ. ಮಳೆ ಹಿಡಿದು ಪ್ರವಾಹ ಬಂದರೆ ಅವು ಕಾಣುವುದಿಲ್ಲ. ಹೀಗಾಗಿ ಹೊಳೆ ಬತ್ತುವುದನ್ನು ಬರೀ ಕೊರತೆಯೆಂದು ಎಣಿಸುವ ನಮ್ಮ ವಾಡಿಕೆಯ ದೃಷ್ಟಿ ಈ ಪ್ರಾಣಿಯ ಮಟ್ಟಿಗೆ ತಪ್ಪು: ಬೇಸಗೆಯ ನಿಂತ ನೀರೇ ಅದರ ಸುಗ್ಗಿ.

ಈ ದೃಷ್ಟಿಯಿಂದ ತುಂಗಭದ್ರೆಯನ್ನು ಕಂಡರೆ ಕೊರ್ಲಹಳ್ಳಿಯ ದಂಡೆಯ ಚರಿತ್ರೆಗೂ ಹೊಸ ಅರ್ಥ ಬರುತ್ತದೆ. 1947ಕ್ಕೆ ಮುಂಚೆ ಈ ದಂಡೆ ಸಾತಾರೆಯಂತೆಯೇ ಮುಂಬಯಿ ಪ್ರಾಂತದ್ದು, ಎದುರು ದಂಡೆಯ ಹೂವಿನ ಹಡಗಲಿ ಸೀಮೆ ಮದ್ರಾಸಿನದು. ಮಳೆಗಾಲದಲ್ಲಿ ತುಂಬಿ ಹರಿಯುವ ಈ ಗಡಿಹೊಳೆ ಬೇಸಗೆಯಲ್ಲಿ ಮರಳು, ಬಂಡೆ, ಮಡುಗಳ ಸಾಲಾಗುತ್ತಿತ್ತು. ಮೀನುಗಳು ಮುಂದಿನ ಮಳೆಯವರೆಗೆ ಜೀವ ಹಿಡಿಯುವುದು ಇಂಥ ಮಡುಗಳಲ್ಲೇ. ಇದೇ ಹೊಳೆಯ ಮೂಲದತ್ತ ಶೃಂಗೇರಿಯಲ್ಲಿ ತುಂಗೆಯ ಮೀನುಗಳನ್ನು ಹಿಡಿಯದೆ, ಮಂಡಕ್ಕಿ ಹಾಕಿ ಕಾಪಾಡುವ ಪದ್ಧತಿ ಹಾಗೆ ಉಳಿದ ಒಂದು ಮಡುವಿನ ಚರಿತ್ರೆಯೇ ಆಗಿದೆ.

ಇಪ್ಪತ್ತನೆಯ ಶತಮಾನದ ಉತ್ತರಾರ್ಧ ಈ ಋತುಚಕ್ರವನ್ನು ಕಲಕಿತು. ಸಾತಾರಾ ಜಿಲ್ಲೆಯ ಕೊಯ್ನಾ ನದಿಗೆ ಕಟ್ಟಿದ ಅಣೆಕಟ್ಟು ಅದರ ನೀರಿನ ದೊಡ್ಡ ಪಾಲನ್ನು ವಿದ್ಯುತ್ತಿಗಾಗಿ ಪಶ್ಚಿಮದ ಇಳಿಜಾರಿಗೆ ತಿರುಗಿಸಿತು. ಅದೇ ಜಿಲ್ಲೆಯ ವೆಣ್ಣಾ ನದಿಗೆ ಕಣ್ಹೇರ ಅಣೆಕಟ್ಟು ಬಂತು. ತುಂಗಭದ್ರೆಯಲ್ಲಿ 1953ರ ಹೊತ್ತಿಗೆ ಹೊಸಪೇಟೆಯ ಬಳಿಯ ಜಲಾಶಯ ನೀರು ಹಿಡಿಯಿತು, ಮೇಲೆ ಗಾಜನೂರು, ಲಕ್ಕವಳ್ಳಿಗಳಲ್ಲಿ ಕಟ್ಟೆಗಳೆದ್ದವು, ಮುಂದೆ ಮುಂಡರಗಿ ತಾಲೂಕಿನಲ್ಲೇ ಸಿಂಗಟಾಲೂರು ಏತ ನೀರಾವರಿಗಾಗಿ ಹಮ್ಮಿಗಿಯಲ್ಲಿ ಬ್ಯಾರೇಜು ನಿಂತಿತು. ಬರಪೀಡಿತ ಹೊಲಗಳಿಗೆ ಇವುಗಳಿಂದಾದ ಉಪಕಾರ ನಿರ್ವಿವಾದ. ಆದರೂ ಬ್ಯಾರೇಜಿನ ಹಿಂದೆ ವರ್ಷವಿಡೀ ನಿಲ್ಲುವ ನೀರು ಬೇಸಗೆಯ ಮಡುವಿಗೆ ಸಾಟಿಯಲ್ಲ. ಅದರ ಆಳ, ಹೂಳು, ಏರಿಳಿತಗಳು ಋತುವನ್ನಲ್ಲ, ಪಂಪು ಮತ್ತು ಗೇಟುಗಳನ್ನು ಅನುಸರಿಸುತ್ತವೆ.

ಜಲಜೀವಿಗಳ ಸಮೀಕ್ಷೆಗಳು ಹೆಚ್ಚಾಗಿ ಬೆಲೆಯುಳ್ಳ ಮೀನುಗಳ ಇಳುವರಿಯನ್ನೇ ಲೆಕ್ಕಕ್ಕೆ ತೆಗೆದುಕೊಳ್ಳುವುದರಿಂದ ಲೋಳೆಮೀನಿನಂಥ ಬೆಲೆಯಿಲ್ಲದ ಪ್ರಾಣಿ ಕಡಲಲ್ಲಾಗಲಿ ಹೊಳೆಯಲ್ಲಾಗಲಿ ಅವುಗಳ ಕಣ್ಣು ತಪ್ಪಿಸಿಕೊಳ್ಳುತ್ತದೆ. ಕೊಳ್ಳದ ನದಿಗಳಲ್ಲಿ ಅದನ್ನು ಅರಸುವವರು ಏಪ್ರಿಲ್, ಮೇ ತಿಂಗಳುಗಳಲ್ಲಿ, ಗಾಳಿಯಿಲ್ಲದ ಹೊತ್ತಿನಲ್ಲಿ ಮಡುವಿನ ನೀರನ್ನು ಮೇಲಿನಿಂದ ನೋಡಿದರಷ್ಟೇ ಸಾಲದು. ತಳದ ಕಲ್ಲುಗಳನ್ನೂ ಮುಳುಗಿದ ಕಟ್ಟಿಗೆಯನ್ನೂ ಹೊರತೆಗೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು ಪಾಲಿಪ್‌ಗಳನ್ನು ಹುಡುಕಬೇಕಾಗುತ್ತದೆ, ಏಕೆಂದರೆ ಮೆಡೂಸಾ ಕಾಣದ ವರ್ಷಗಳಲ್ಲೂ ಪ್ರಾಣಿ ಆ ರೂಪದಲ್ಲಿ ಅಲ್ಲೇ ಇರಬಲ್ಲದು.