ರಾಜಧಾನಿ ಹೋದ ಮೇಲೂ ಬರುವವರು

ದೆಹಲಿಗೋ ಲಂಡನ್ನಿಗೋ ಜನ ಯಾಕೆ ಹೋಗುತ್ತಾರೆ ಎಂದು ಕೇಳಿದರೆ ಉತ್ತರಕ್ಕೆ ತಡಕಾಡಬೇಕಿಲ್ಲ. ಅಲ್ಲಿ ಅಧಿಕಾರವಿದೆ, ಅರಮನೆಗಳಿವೆ, ಪೇಟೆಯಿದೆ. ಶಿರಸಿಯಿಂದ ಸುಮಾರು 24 ಕಿ.ಮೀ. ದೂರದ ಬನವಾಸಿಯಲ್ಲಿ ಇವುಗಳಲ್ಲಿ ಒಂದೂ ಉಳಿದಿಲ್ಲ. ಕದಂಬರ ರಾಜಧಾನಿ ಈಗ ವರದೆಯ ದಡದಲ್ಲಿ ಭತ್ತ, ಅಡಕೆ, ಅನಾನಸು ಬೆಳೆಯುವ ಊರು. ಆದರೂ ಎರಡು ಸಾವಿರ ವರ್ಷಗಳಿಂದ ಇಲ್ಲಿಗೆ ಹೊರಗಿನವರು ಬರುತ್ತಲೇ ಇದ್ದಾರೆ. ಯಾವ ಕಾಲದಲ್ಲಿ ಯಾರು ಬಂದರು, ಏನನ್ನು ಅರಸಿ ಬಂದರು ಎಂಬುದನ್ನು ನೋಡುತ್ತ ಹೋದರೆ ಶಿರಸಿ, ಸಿದ್ದಾಪುರ, ಯಲ್ಲಾಪುರ ಸೀಮೆಯ ಇಂದಿನ ಪ್ರವಾಸೋದ್ಯಮವೂ ಅರ್ಥವಾಗುತ್ತದೆ.

ಮೊದಲು ಬಂದವರು ಧರ್ಮದ ಕೆಲಸಕ್ಕೆ ಬಂದವರು. ಅಶೋಕನ ಕಾಲದಲ್ಲಿ ರಕ್ಷಿತನೆಂಬ ಭಿಕ್ಷುವನ್ನು ವನವಾಸಕ್ಕೆ, ಎಂದರೆ ಈ ಬನವಾಸಿ ಸೀಮೆಗೆ, ಕಳಿಸಲಾಯಿತೆಂದು ಸಿಂಹಳದ ಮಹಾವಂಶ ಹೇಳುತ್ತದೆ. ಕ್ರಿ.ಶ. 2ನೇ ಶತಮಾನದ ಗ್ರೀಕ್ ಭೂಗೋಳಕಾರ ಟಾಲೆಮಿಗೂ ಈ ಊರಿನ ಹೆಸರು ಗೊತ್ತಿತ್ತು. ಆ ಕಾಲದ ಗುರುತನ್ನು ಕಣ್ಣಾರೆ ನೋಡಬೇಕೆಂದರೆ ಮಧುಕೇಶ್ವರ ದೇವಾಲಯದ ಆವರಣದಲ್ಲಿರುವ ನಾಗರಕಲ್ಲಿನ ಮುಂದೆ ನಿಲ್ಲಬೇಕು. ಸುರುಳಿ ಸುತ್ತಿ ಐದು ಹೆಡೆ ಎತ್ತಿದ ಹಾವು. ಅದರ ಅಂಚಿನುದ್ದಕ್ಕೂ ಬ್ರಾಹ್ಮೀ ಲಿಪಿಯ ಪ್ರಾಕೃತ ಬರಹ. ಚುಟು ವಂಶದ ರಾಜಕುಮಾರಿಯೊಬ್ಬಳು ಈ ನಾಗನನ್ನು, ಜೊತೆಗೆ ಕೆರೆಯನ್ನೂ ವಿಹಾರವನ್ನೂ ಮಾಡಿಸಿಕೊಟ್ಟ ಸಂಗತಿ ಅದರಲ್ಲಿದೆ. ಕೆತ್ತಿದ ಶಿಲ್ಪಿ ನಟಕನ ಹೆಸರನ್ನೂ ಅದು ಮರೆತಿಲ್ಲ. ರಾಜಕುಮಾರಿಯ ದಾನದ ಜೊತೆಗೆ ಉಳಿ ಹಿಡಿದವನ ಹೆಸರೂ ಇಷ್ಟು ಕಾಲ ಬಾಳಿರುವ ಕಲ್ಲುಗಳು ನಮ್ಮಲ್ಲಿ ಹೆಚ್ಚಿಲ್ಲ.

ಸುಮಾರು 345ರಲ್ಲಿ ತಾಳಗುಂದದ ಮಯೂರಶರ್ಮ ಕದಂಬ ರಾಜ್ಯ ಕಟ್ಟಿದ ಮೇಲೆ ಬನವಾಸಿ ನಿಜವಾದ ರಾಜಧಾನಿಯಾಯಿತು. ಆ ವೈಭವ ಇನ್ನೂರು ವರ್ಷ ನಡೆಯಿತು. 6ನೇ ಶತಮಾನದ ನಡುವಿಗೆ ಚಾಲುಕ್ಯರು ತಲೆಯೆತ್ತಿದರು. ಇಮ್ಮಡಿ ಪುಲಕೇಶಿ ಊರಿಗೆ ಮುತ್ತಿಗೆ ಹಾಕಿದ್ದನ್ನು 634ರ ಐಹೊಳೆ ಶಾಸನದಲ್ಲಿ ರವಿಕೀರ್ತಿ ವರ್ಣಿಸಿದ್ದಾನೆ. ಅಲ್ಲಿ ವರದೆ ಹಂಸಗಳ ಸಾಲಿನೊಡನೆ ಊರಿಗೆ ಒಡ್ಯಾಣವಾಗಿದೆ. ಗೆದ್ದವರ ಕವಿಯೂ ಸೋತ ಊರಿನ ಚೆಲುವನ್ನು ಮುಚ್ಚಿಡಲಾಗಲಿಲ್ಲ.

ಇಲ್ಲಿಯ ಕಥೆ ತಿರುಗುವುದು ಪಂಪನಲ್ಲಿ. ಅವನು ವಿಕ್ರಮಾರ್ಜುನ ವಿಜಯವನ್ನು ಬರೆದದ್ದು 941ರ ಹೊತ್ತಿಗೆ, ಇಂದಿನ ತೆಲಂಗಾಣದ ವೇಮುಲವಾಡದ ಅರಿಕೇಸರಿಯ ಆಶ್ರಯದಲ್ಲಿ. ಬನವಾಸಿ ರಾಜಧಾನಿಯ ಪಟ್ಟ ಕಳೆದುಕೊಂಡು ಆಗಲೇ ನಾನೂರು ವರ್ಷ. ಆದರೂ ಅಷ್ಟು ದೂರದಲ್ಲಿ ಕುಳಿತು ಅವನು ಹಂಬಲಿಸಿದ್ದು ಈ ನಾಡಿಗೆ: ಇಲ್ಲಿಯ ತೆಂಕಣ ಗಾಳಿಗೆ, ಹೂವಿಗೆ, ಹಾಡಿಗೆ. ಅರಸು ಹೋದ ಮೇಲೂ ಊರು ಜನರನ್ನು ಸೆಳೆಯಬಲ್ಲದು ಎಂಬುದಕ್ಕೆ ನನಗೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಡ. ಇಂದಿಗೂ ಕನ್ನಡ ಮೇಷ್ಟ್ರುಗಳು ಮಕ್ಕಳನ್ನು ಬಸ್ಸು ಹತ್ತಿಸಿಕೊಂಡು ಇಲ್ಲಿಗೆ ಬರುವುದು ಮಯೂರನಿಗಾಗಿ ಎಷ್ಟೋ, ಪಂಪನಿಗಾಗಿಯೂ ಅಷ್ಟೇ.

ವಿಜಯನಗರದ ಕಾಲದ ನಂತರ ಸೀಮೆಯಲ್ಲಿ ಸಣ್ಣ ರಾಜಧಾನಿಗಳು ಹುಟ್ಟಿಕೊಂಡವು: ಶಿರಸಿ ಬಳಿ ಸೋದೆ, ಸಿದ್ದಾಪುರದ ಬಳಿ ಬಿಳಗಿ. ಕಾಳುಮೆಣಸಿನ ವ್ಯಾಪಾರಿಗಳು ಬಂದರು. ಮಾಧ್ವ ಯತಿ ವಾದಿರಾಜರು ಸೋದೆಯಲ್ಲಿ ವೃಂದಾವನಸ್ಥರಾದ ಮೇಲೆ ಯಾತ್ರಿಕರ ಸಾಲು ಶುರುವಾಯಿತು, ಅದು ಇಂದಿಗೂ ಕಡಿದಿಲ್ಲ. 1760ರ ದಶಕದಲ್ಲಿ ಹೈದರಾಲಿಯ ಪಡೆಗೆ ಸೋದೆ ಬಿತ್ತು, ಅರಸರು ಗೋವೆಯ ಕಡೆ ಹೋದರು. ಸೋದೆ ಕುಗ್ಗಿದಂತೆ ಶಿರಸಿ ಬೆಳೆಯಿತು. ಅಲ್ಲಿಗೆ ಜನರನ್ನು ತರುವವಳು ಮಾರಿಕಾಂಬೆ. 1688ರ ದೇವಾಲಯ, ಎರಡು ವರ್ಷಕ್ಕೊಮ್ಮೆ ಬಿಡಕಿಬೈಲಿನಲ್ಲಿ ಜಾತ್ರೆ. ಜಾತ್ರೆಯಿಲ್ಲದ ವರ್ಷದ ಹೋಳಿ ಹಬ್ಬಕ್ಕೆ ಬೇಡರ ವೇಷದ ಕುಣಿತ. 1934ರ ಹರಿಜನ ಯಾತ್ರೆಯಲ್ಲಿ ಗಾಂಧೀಜಿ ಶಿರಸಿಗೆ ಬಂದದ್ದನ್ನು ಊರು ಈಗಲೂ ನೆನೆಯುತ್ತದೆ.

ಬರೆದಿಟ್ಟುಕೊಳ್ಳಲೆಂದೇ ಬಂದವರು 19ನೇ ಶತಮಾನದವರು. 1801ರಲ್ಲಿ ಫ್ರಾನ್ಸಿಸ್ ಬುಕಾನನ್ ಸೋದೆ, ಶಿರಸಿ, ಬನವಾಸಿಗಳನ್ನು ಹಾದುಹೋದ. ತೋಟಗಳನ್ನು, ಬೇಸಾಯವನ್ನು, ಶಾಸನಗಳನ್ನು ಟಿಪ್ಪಣಿ ಮಾಡಿದ. 1845ರಲ್ಲಿ ಕಲೆಕ್ಟರ್ ಲಷಿಂಗ್ಟನ್ ಅಘನಾಶಿನಿಯ ಉಂಚಳ್ಳಿ ಜಲಪಾತವನ್ನು ಕಂಡ ಮೇಲೆ ಅದು ಹೊರಗಿನವರ ಬಾಯಲ್ಲಿ ಅವನ ಹೆಸರಿನದಾಯಿತು. ಕಾಡಿನ ನೀರು ಬೀಳುವುದನ್ನು ನೋಡುವುದಕ್ಕಾಗಿಯೇ ಪ್ರಯಾಣ ಮಾಡಬಹುದು ಎಂಬ ರೂಢಿ ಈ ಸೀಮೆಗೆ ಬಂದದ್ದು ಆ ಕಾಲದಲ್ಲೇ ಇರಬೇಕು. ಧಾರವಾಡದ ಹತ್ತಿ ಶಿರಸಿ ದಾಟಿ, ದೇವಿಮನೆ ಘಟ್ಟ ಇಳಿದು ಕುಮಟಾ ಬಂದರಿಗೆ ಹೋಗಲು ಮಾಡಿದ ದಾರಿಯಲ್ಲೇ ಮುಂದೆ ಪ್ರವಾಸಿಯೂ ನಡೆದ.

ಜನಸಾಮಾನ್ಯರನ್ನು ತಂದದ್ದು ಸಿನಿಮಾ. ದೇವುಡು ಅವರ ಕಾದಂಬರಿಯಿಂದ 1975ರಲ್ಲಿ ಬಂದ ಮಯೂರ, ರಾಜ್‌ಕುಮಾರ್ ಅವರ ಮುಖದಲ್ಲಿ, ಕದಂಬರನ್ನು ಮನೆಮನೆಗೆ ಮುಟ್ಟಿಸಿತು. 1996ರ ನಮ್ಮೂರ ಮಂದಾರ ಹೂವೆ ಯಾಣದ ಕರಿ ಬಂಡೆಗಳನ್ನು ತೋರಿಸಿತು. ಯಾಣ ಕುಮಟಾ ತಾಲೂಕಿನದಾದರೂ ದಾರಿ ಹಿಡಿದವರು ಹೆಚ್ಚಾಗಿ ಶಿರಸಿಯಲ್ಲಿ ತಂಗಿದರು. ಸರಕಾರ 1987ರಲ್ಲಿ ಪಂಪ ಪ್ರಶಸ್ತಿ ಆರಂಭಿಸಿತು. ಮೊದಲನೆಯದು ಕುವೆಂಪು ಅವರಿಗೆ. ಕದಂಬೋತ್ಸವದಲ್ಲಿ ಅದನ್ನು ಕೊಡುವ ಪದ್ಧತಿಯಿಂದ ಬನವಾಸಿಗೆ ಮತ್ತೆ ಸಾಹಿತ್ಯದ ನಂಟು ಬೆಸೆಯಿತು.

ಈಗಿನ ಪ್ರವಾಸಿ ಬೆಂಗಳೂರು, ಹುಬ್ಬಳ್ಳಿಗಳಿಂದ ಶನಿವಾರ ಬರುವವನು. ಅವನಿಗೆ ಬೇಕಾದದ್ದು ಮಳೆ, ಕಾಡು, ಊಟ. ಯಲ್ಲಾಪುರದ ಮಾಗೋಡಿನಲ್ಲಿ ಬೇಡ್ತಿ ಎರಡು ಹಂತದಲ್ಲಿ ಧುಮುಕುವುದನ್ನು ನೋಡುತ್ತಾನೆ, ಸಾತೊಡ್ಡಿ ಜಲಪಾತಕ್ಕೆ ಹೋಗುತ್ತಾನೆ, ಸಹಸ್ರಲಿಂಗದಲ್ಲಿ ಶಾಲ್ಮಲೆಯ ನೀರು ಇಳಿದಾಗ ಕಾಣುವ ಲಿಂಗಗಳ ಫೋಟೋ ತೆಗೆಯುತ್ತಾನೆ. ಹೋಂಸ್ಟೇಯಲ್ಲಿ ತಂಬುಳಿ ಉಣ್ಣುತ್ತಾನೆ, ಹೊರಡುವಾಗ ತೊಡೆದೇವು ಕಟ್ಟಿಸಿಕೊಳ್ಳುತ್ತಾನೆ. ಕಬ್ಬಿನಹಾಲಿನ ಹಿಟ್ಟನ್ನು ಬೋರಲು ಹಾಕಿದ ಕಾದ ಗಡಿಗೆಯ ಮೇಲೆ ಬಟ್ಟೆಯಿಂದ ಒಂದೇ ಬೀಸಿಗೆ ತೊಡೆದು, ಕಾಗದದಷ್ಟು ತೆಳ್ಳಗಾದದ್ದನ್ನು ಮಡಿಸಿ ಎತ್ತುವ ಹೆಂಗಸರ ಕೈಚಳಕ ನೋಡಿದವರು ಅದರ ಬೆಲೆಗೆ ಚೌಕಾಸಿ ಮಾಡಲಾರರು. ಅಡಕೆಯ ದರ ನೆಚ್ಚಿಕೊಂಡ ಮನೆಗಳಿಗೆ ಈ ಅತಿಥಿಗಳಿಂದ ಒಂದಿಷ್ಟು ಆಸರೆ ಸಿಕ್ಕಿದೆ. ಅದನ್ನು ನಾನು ಮನಸಾರೆ ಒಪ್ಪುತ್ತೇನೆ.

ಆದರೆ ಈ ಯಾದಿಯಲ್ಲಿ ಬನವಾಸಿಗೆ ಸಿಗುವುದು ಅರ್ಧ ತಾಸು. ದೇವರಿಗೆ ಕೈಮುಗಿದು, ಒಂದು ಕಣ್ಣು ಮಧುಕೇಶ್ವರನತ್ತ, ಇನ್ನೊಂದು ಪಾರ್ವತಿಯತ್ತ ಇಟ್ಟಿದೆಯೆಂದು ಜನ ಹೇಳುವ ನಂದಿಯನ್ನು ನೋಡಿ, ಸೋದೆ ಅರಸರ ಕಲ್ಲುಮಂಚದ ಮುಂದೆ ನಿಂತು ಗಾಡಿ ಹತ್ತುತ್ತಾರೆ. ಮೈಸೂರು ವಿಶ್ವವಿದ್ಯಾಲಯದ ಉತ್ಖನನದಲ್ಲಿ ಇಟ್ಟಿಗೆಯ ಕಟ್ಟಡಗಳು ಹೊರಬಂದ ಸುದ್ದಿ ಅವರಿಗೆ ತಲುಪುವುದೇ ಇಲ್ಲ. ಸಮೀಪದ ಗುಡ್ನಾಪುರದಲ್ಲಿ ಕೆರೆಯ ಪಕ್ಕ ಕದಂಬ ರವಿವರ್ಮನ ಶಾಸನಸ್ತಂಭವಿದೆ. ಕಾಮದೇವನ ಗುಡಿ, ವಸಂತೋತ್ಸವದ ಮಾತು ಅದರಲ್ಲಿದೆ. ಪಂಪ ಹಂಬಲಿಸಿದ ನಾಡು ಹೇಗಿತ್ತೆಂದು ತಿಳಿಯಲು ಅದಕ್ಕಿಂತ ಹತ್ತಿರದ ದಾರಿಯಿಲ್ಲ. ಕದಂಬೋತ್ಸವದ ಎರಡು ದಿನಕ್ಕೆ ವೇದಿಕೆ ಕಟ್ಟುವ ಕಾಳಜಿಯಲ್ಲಿ ಒಂದು ಪಾಲನ್ನು ವರ್ಷವಿಡೀ ಈ ಕಲ್ಲುಗಳನ್ನು ಓದಿ ಹೇಳಬಲ್ಲ ಊರಿನ ಹುಡುಗ ಹುಡುಗಿಯರನ್ನು ತಯಾರು ಮಾಡಲು ಇಡಬೇಕು. ಶಿರಸಿ, ಸಿದ್ದಾಪುರದ ಕಾಲೇಜುಗಳಲ್ಲಿ ಇತಿಹಾಸ ಓದುವ ಮಕ್ಕಳಿದ್ದಾರೆ. ಅವರಿಗೆ ಬ್ರಾಹ್ಮೀ ಕಲಿಸಿ, ದಿನಗೂಲಿಯಲ್ಲ, ಸಂಬಳ ಕೊಟ್ಟು ನಾಗರಕಲ್ಲಿನ ಪಕ್ಕ ನಿಲ್ಲಿಸಿದರೆ ಬಂದವರು ಅರ್ಧ ತಾಸಿಗೆ ಹೊರಡುವುದಿಲ್ಲ.