ಕಿವಿ ಒಪ್ಪಿದ ವಾದ್ಯ

1980ರ ದಶಕದ ಒಂದು ರಾತ್ರಿ. ಶಹಾಪುರದ ನಮ್ಮ ಮನೆಯ ಪಡಸಾಲೆಯಲ್ಲಿ ರೇಡಿಯೋದಿಂದ ಕಲ್ಯಾಣಿ ರಾಗದ ಆಲಾಪನೆ ಕೇಳಿಬರುತ್ತಿತ್ತು. ತಂದೆಯವರು ಕಣ್ಣು ಮುಚ್ಚಿ ಕೇಳುತ್ತ, "ಸನಾದಿ ಎಷ್ಟು ಚಂದ ನುಡಿಸ್ಯಾನ ನೋಡು" ಎಂದರು. ಅದು ಕದ್ರಿ ಗೋಪಾಲನಾಥರ ಸ್ಯಾಕ್ಸಫೋನ್ ವಾದನವೆಂದು ಕೊನೆಯಲ್ಲಿ ಉದ್ಘೋಷಕರು ಹೇಳಿದಾಗ ಇಬ್ಬರೂ ಬೆರಗಾದೆವು. ಯಾದಗಿರಿಯಿಂದ ಮದುವೆಗಳಿಗೆ ಬರುತ್ತಿದ್ದ ಬ್ಯಾಂಡಿನವರ ಕೈಯಲ್ಲಿ ಆ ಹಿತ್ತಾಳೆಯ ವಾದ್ಯವನ್ನು ಕಂಡಿದ್ದೆವು. ಮೆರವಣಿಗೆಯ ಗದ್ದಲವೆಂದು ಬದಿಗಿಟ್ಟಿದ್ದೆವು. ಕಣ್ಣಾರೆ ಕಂಡಿದ್ದರೆ ಅಂದೂ ಹಾಗೆಯೇ ಮಾಡುತ್ತಿದ್ದೆವೇನೋ!

ಈ ವಾದ್ಯವನ್ನು ನಿರ್ಮಿಸಿದವನು ಬೆಲ್ಜಿಯಂ ದೇಶದ ಅಡಾಲ್ಫ್ ಸ್ಯಾಕ್ಸ್. 1846ರಲ್ಲಿ ಪ್ಯಾರಿಸ್ಸಿನಲ್ಲಿ ಅದರ ಹಕ್ಕುಪತ್ರ ಪಡೆದನು. ಸೈನ್ಯದ ಬ್ಯಾಂಡುಗಳಿಗೆ ಸೇರಿದ ಅದು, ಮುಂದೆ ಅಮೆರಿಕದ ಕರಿಯ ಜನಾಂಗದ ಜಾಝ್ ಸಂಗೀತದಲ್ಲಿ ಹೊಸ ದನಿ ಪಡೆಯಿತು.

ಗೋಪಾಲನಾಥರು 1949ರಲ್ಲಿ ಬಂಟ್ವಾಳ ತಾಲ್ಲೂಕಿನಲ್ಲಿ ಜನಿಸಿದರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮೈಸೂರು ಅರಮನೆಯ ವಾದ್ಯವೃಂದದಲ್ಲಿ ಸ್ಯಾಕ್ಸಫೋನನ್ನು ಕಂಡ ಬಾಲಕ ಅದಕ್ಕೇ ಮನಸೋತ. ಮಂಗಳೂರಿನಲ್ಲಿ ಗೋಪಾಲಕೃಷ್ಣ ಅಯ್ಯರ್, ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರ ಗುರುಗಳಾದರು. ಆದರೆ ಹಾದಿ ಸುಗಮವಾಗಿರಲಿಲ್ಲ. ನಾಗಸ್ವರದಲ್ಲಿ ಬೆರಳು ರಂಧ್ರದ ಮೇಲೆಯೇ ಆಡುತ್ತದೆ. ಸ್ಯಾಕ್ಸಫೋನಿನಲ್ಲಿ ಬೆರಳಿಗೂ ರಂಧ್ರಕ್ಕೂ ನಡುವೆ ಕೀಲಿಗಳ ಮುಚ್ಚಳ. ಸ್ವರದಿಂದ ಸ್ವರಕ್ಕೆ ಜಾರುವ ಗಮಕ ಅಲ್ಲಿ ಹೇಗೆ ಮೂಡೀತು? ವಾದ್ಯದಲ್ಲಿ ಕೆಲವು ಮಾರ್ಪಾಡು ಮಾಡಿ, ತುಟಿಯನ್ನೂ ಉಸಿರನ್ನೂ ಪಳಗಿಸಿ, ದೀರ್ಘ ಸಾಧನೆಯಿಂದ ಅವರು ಅದಕ್ಕೆ ಉತ್ತರ ಕೊಟ್ಟರು.

1980ರ ಮುಂಬಯಿಯ ಜಾಝ್ ಉತ್ಸವದಲ್ಲಿ ಅವರ ವಾದನ ಕೇಳಿದ ಅಮೆರಿಕದ ಜಾನ್ ಹ್ಯಾಂಡಿ ತಾವೂ ಜೊತೆಗೂಡಿ ನುಡಿಸಿದರು. ಒಬ್ಬರದು ಜಾಝ್, ಇನ್ನೊಬ್ಬರದು ಕರ್ನಾಟಕ ಸಂಗೀತ. ಆದರೆ ಆ ಕ್ಷಣದ ಮನೋಧರ್ಮವೇ ಎರಡಕ್ಕೂ ಜೀವಾಳವಲ್ಲವೇ? 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿಬಿಸಿಯ ಸಂಗೀತೋತ್ಸವಕ್ಕೂ ಅವರಿಗೆ ಆಹ್ವಾನ ಬಂದಿತು.

ಅಮೆರಿಕದಲ್ಲಿ ಬೆಳೆದ ಭಾರತೀಯ ಮೂಲದ ತರುಣ ರುದ್ರೇಶ್ ಮಹಂತಪ್ಪ ಜಾಝ್ ಕಲಿಯುತ್ತಿದ್ದಾಗ, ಅವರ ಅಣ್ಣ ಗೋಪಾಲನಾಥರ ಧ್ವನಿಮುದ್ರಿಕೆಯೊಂದನ್ನು ತಮಾಷೆಗೆಂದು ಕೊಟ್ಟರು. ಕೇಳಿದ ಮೇಲೆ ಅದು ತಮಾಷೆಯಾಗಿ ಉಳಿಯಲಿಲ್ಲ. ಇಬ್ಬರೂ ಕೂಡಿ ನುಡಿಸಿದ ಧ್ವನಿಮುದ್ರಿಕೆ 2008ರಲ್ಲಿ ಹೊರಬಂದಿತು. ಅದರ ಹೆಸರಿನ ಅರ್ಥ 'ಬಂಧುಗಳು'.

ಸುರಪುರದ ಕಾಲೇಜಿನಲ್ಲಿ ಸಾನೆಟ್ಟು ಕನ್ನಡದ ಸುನೀತವಾದ ಬಗೆಯನ್ನು ವಿವರಿಸುವಾಗಲೆಲ್ಲ ನಾನು ಪಿಟೀಲನ್ನೂ ಈ ಸ್ಯಾಕ್ಸಫೋನನ್ನೂ ನೆನೆಯುತ್ತಿದ್ದೆ. ಹೊರಗಿನದು ನಮ್ಮದಾಗಲು ಒಬ್ಬರ ಆಯುಷ್ಯವೇ ಸವೆಯಬೇಕಾಗುತ್ತದೆ. ಗೋಪಾಲನಾಥರು 2019ರ ಅಕ್ಟೋಬರ್ 11ರಂದು ಮಂಗಳೂರಿನಲ್ಲಿ ತೀರಿಕೊಂಡರು.

ಆ ರಾತ್ರಿಯ ತರುವಾಯ ಒಂದು ಮದುವೆಯ ಬ್ಯಾಂಡು ನಮ್ಮ ಓಣಿಯಲ್ಲಿ ಹಾಯ್ದಿತು. ತಂದೆಯವರು ಎದ್ದು ಬಾಗಿಲಿಗೆ ಹೋದರು. ಎಂದಿನಂತೆ ಕದ ಮುಚ್ಚುವರೆಂದು ತಿಳಿದಿದ್ದೆ. ಅವರು ಹೊಸ್ತಿಲಲ್ಲಿ ನಿಂತು, ಮೆರವಣಿಗೆ ತಿರುವು ದಾಟುವವರೆಗೂ ಕೇಳಿದರು.