ದ್ರೋಹಘರಟ್ಟ, ವಸುಧೈಕಬಾಂಧವ

ಶ್ರವಣಬೆಳಗೊಳಕ್ಕೆ ಹೋದವರೆಲ್ಲ ದೊಡ್ಡಬೆಟ್ಟವನ್ನೇರಿ ಗೊಮ್ಮಟನನ್ನು ನೋಡುತ್ತಾರೆ. ಪುರುಸೊತ್ತಿದ್ದವರು ಚಿಕ್ಕಬೆಟ್ಟವನ್ನೂ ಹತ್ತುತ್ತಾರೆ. ಬೆಳಗೊಳದಿಂದ ಬಡಗಲಿಗೆ ಒಂದು ಮೈಲಿಯಷ್ಟು ದೂರವಿರುವ ಜಿನನಾಥಪುರದವರೆಗೆ ಹೋಗುವವರು ಮಾತ್ರ ವಿರಳ. ಹೋದವರಿಗೆ ನಷ್ಟವಿಲ್ಲ. ಅಲ್ಲಿಯ ಶಾಂತಿನಾಥ ಬಸದಿಯ ಹೊರಗೋಡೆಯಲ್ಲಿ ಜಿನರು, ಯಕ್ಷಯಕ್ಷಿಯರು, ಸರಸ್ವತಿ, ಮನ್ಮಥ, ಕುಣಿಯುವವರು, ಮದ್ದಳೆ ಬಾರಿಸುವವರು ಸಾಲುಗೂಡಿ ನಿಂತಿದ್ದಾರೆ. ಬೆಳಗೊಳದ ಬಸದಿಗಳಲ್ಲಿ ಕಾಣದ ಕೆತ್ತನೆಯ ಸಂಭ್ರಮ ಇಲ್ಲಿದೆ. ಅದರ ಜೊತೆಗೆ ಬೆಳಗೊಳದಲ್ಲಿ ಸಿಕ್ಕದ ಇನ್ನೊಂದು ವಸ್ತುವೂ ಇದೆ: ನಿಶ್ಶಬ್ದ.

2018ರ ಫೆಬ್ರವರಿಯಲ್ಲಿ ಮಹಾಮಸ್ತಕಾಭಿಷೇಕ ನಡೆದಾಗ ಆ ನಿಶ್ಶಬ್ದವನ್ನು ಅರಸಿ ಒಂದು ಮಧ್ಯಾಹ್ನ ನಾನು ಅಲ್ಲಿಗೆ ನಡೆದೆ. ಬಸದಿಯ ನೆರಳಿನಲ್ಲಿ ಒಬ್ಬ ಪೊಲೀಸ್ ಪೇದೆ ಬೂಟು ಬಿಚ್ಚಿಟ್ಟು, ಬಾತ ಪಾದಗಳನ್ನು ಒತ್ತಿಕೊಳ್ಳುತ್ತ ಕುಳಿತಿದ್ದ. ನನ್ನನ್ನು ಕಂಡು ಗಡಬಡಿಸಿ ಎದ್ದು ನಿಂತ. ನೋಡಿದರೆ ನನ್ನ ತರಗತಿಯಲ್ಲಿ ಕುಳಿತು ಹೋದ ಹುಡುಗ.

"ಏನಪ್ಪಾ, ನಿನ್ನ ಡ್ಯೂಟಿ ಇಲ್ಲಿಯೋ?"

"ಬೆಟ್ಟದ ಹತ್ರ ಸಾರ್. ಎರಡು ಗಂಟೆ ಬಿಡುವು ಸಿಕ್ತು. ಇಲ್ಲಾದ್ರೆ ನೆರಳಿದೆ, ಯಾರೂ ದಾರಿ ಕೇಳಲ್ಲ."

ಕುಳಿತುಕೋ ಎಂದೆ. ಸ್ವಲ್ಪ ಹೊತ್ತಿನ ಮೇಲೆ ಅವನೇ ಕೇಳಿದ: "ಈ ಗುಡಿ ಯಾವ ರಾಜ ಕಟ್ಟಿಸಿದ್ದು ಸಾರ್?"

"ರಾಜನಲ್ಲ, ಒಬ್ಬ ದಂಡನಾಯಕ. ಈ ಊರನ್ನು ಕಟ್ಟಿದವನೂ ಇನ್ನೊಬ್ಬ ದಂಡನಾಯಕನೇ."

"ಹಾಗಾದ್ರೆ ನಮ್ಮ ಡಿಪಾರ್ಟ್‌ಮೆಂಟಿನೋರೇ ಅನ್ನಿ!" ಎಂದು ನಕ್ಕ.

ಆತ ತಮಾಷೆಗೆ ಆಡಿದ ಆ ಮಾತು ನನ್ನನ್ನು ಬಿಡಲಿಲ್ಲ. ದಂಡವೆಂದರೆ ಸೈನ್ಯ, ದಂಡವೆಂದರೆ ಶಿಕ್ಷೆಯೂ ಹೌದು, ಕೈಯಲ್ಲಿ ಹಿಡಿವ ಕೋಲೂ ಹೌದು. ಹೊಯ್ಸಳರ ಕಾಲದಲ್ಲಿ ಪೊಲೀಸ್ ತರಬೇತಿ ಶಾಲೆಯಿತ್ತೆಂದು ಹೇಳಹೊರಟರೆ ನಗೆಪಾಟಲಾದೀತು. ಪಟ್ಟಣದ ಕಾವಲಿಗೆ ಆಗ ತಳಾರನಿದ್ದ, ದಂಡಿಗೆ ದಂಡನಾಯಕನಿದ್ದ. ಇಬ್ಬರ ಕೆಲಸವೂ ಬೇರೆ. ಆದರೂ ಕೋಲು ಹಿಡಿದವನಿಗೆ ಕೋಲನ್ನು ಬಿಟ್ಟು ಮತ್ತೇನನ್ನು ಕಲಿಸಬೇಕು, ಕಲಿಸುವವರು ಯಾರು ಎಂಬ ಪ್ರಶ್ನೆ ಅಂದಿಗೂ ಇಂದಿಗೂ ಒಂದೇ. ಈ ಪುಟ್ಟ ಊರಿನ ಚರಿತ್ರೆಯಲ್ಲಿ ಆ ಪ್ರಶ್ನೆಗೆ ಒಂದು ಉತ್ತರದ ಸುಳಿವಿದೆ.

ಜಿನನಾಥಪುರವನ್ನು ಕಟ್ಟಿದವನು ವಿಷ್ಣುವರ್ಧನನ ಮಹಾದಂಡನಾಯಕ ಗಂಗರಾಜ. ಹನ್ನೆರಡನೆಯ ಶತಮಾನದ ಎರಡನೆಯ ದಶಕ ಅವನ ಏಳಿಗೆಯ ಕಾಲ. ತಲಕಾಡನ್ನು ಚೋಳರಿಂದ ಬಿಡಿಸಿದವನು ಅವನು. 1118ರ ಸುಮಾರಿನಲ್ಲಿ ಕಣ್ಣೇಗಾಲದಲ್ಲಿ ಬೀಡುಬಿಟ್ಟಿದ್ದ ಚಾಲುಕ್ಯ ಸೈನ್ಯದ ಮೇಲೆ ಇರುಳು ಬಿದ್ದು ಚೆದುರಿಸಿದವನೂ ಅವನೇ. ಅವನ ಬಿರುದು 'ದ್ರೋಹಘರಟ್ಟ'. ಘರಟ್ಟವೆಂದರೆ ಬೀಸುವ ಕಲ್ಲು. ದ್ರೋಹಿಗಳನ್ನು ಹಿಟ್ಟುಮಾಡುವವನು ಎಂದರ್ಥ. ಮೆಚ್ಚಿದ ಅರಸು ಬೇಕಾದುದನ್ನು ಬೇಡು ಎಂದಾಗ ಈ ಬೀಸುವ ಕಲ್ಲು ಬೇಡಿದ್ದು ಪರಮ ಎಂಬ ಒಂದು ಹಳ್ಳಿಯನ್ನು. ಅದನ್ನೂ ತನಗಾಗಿ ಇಟ್ಟುಕೊಳ್ಳದೆ, ತಾಯಿ ಪೋಚಿಕಬ್ಬೆಯೂ ಹೆಂಡತಿ ಲಕ್ಷ್ಮಿಯೂ ಕಟ್ಟಿಸಿದ ಬಸದಿಗಳಿಗೆ ಬಿಟ್ಟುಕೊಟ್ಟ.

ಶಾಂತಿನಾಥ ಬಸದಿಯ ಕಾಲ ಸುಮಾರು 1200. ಅದನ್ನು ಮಾಡಿಸಿದವನು ರೇಚಿಮಯ್ಯ ದಂಡನಾಯಕ, ರೇಚರಸ ಎಂದೂ ಅವನ ಹೆಸರು. ಮೊದಲು ಕಳಚುರಿ ಅರಸರ ಸೇವೆಯಲ್ಲಿದ್ದು, ಆ ಸಿಂಹಾಸನ ಕುಸಿದ ಮೇಲೆ ಇಮ್ಮಡಿ ಬಲ್ಲಾಳನ ಆಶ್ರಯಕ್ಕೆ ಬಂದವನು. ಒಂದು ರಾಜ್ಯ ಮುಳುಗಿದ್ದನ್ನು ಕಣ್ಣಾರೆ ಕಂಡ ಸೇನಾನಿ. ಮುಂದೆ 1220ರ ಸುಮಾರಿಗೆ ಅರಸೀಕೆರೆಯಲ್ಲಿ ಸಹಸ್ರಕೂಟ ಜಿನಾಲಯವನ್ನು ಕಟ್ಟಿಸಿದವನೂ ಅವನೇ. ಜಿನನಾಥಪುರದ ಬಸದಿಯನ್ನು ಅವನು ಸಾಗರನಂದಿ ಸಿದ್ಧಾಂತದೇವರಿಗೆ ಒಪ್ಪಿಸಿದನೆಂದು ಶಾಸನ ಹೇಳುತ್ತದೆ. ಅಲ್ಲಿ ಅವನಿಗಿರುವ ಬಿರುದು 'ವಸುಧೈಕಬಾಂಧವ', ಭೂಮಿಗೆಲ್ಲ ಒಬ್ಬನೇ ನೆಂಟ!

ಊರು ಒಂದೇ, ಉದ್ಯೋಗವೂ ಒಂದೇ. ಒಬ್ಬ ಬೀಸುವ ಕಲ್ಲು, ಇನ್ನೊಬ್ಬ ಲೋಕದ ನೆಂಟ. ಇವೆರಡೂ ಹೊಗಳಿಕೆಯ ಮಾತುಗಳೆಂದು ತಳ್ಳಿಹಾಕಬಹುದು. ಆದರೆ ಒಬ್ಬ ಮನುಷ್ಯನನ್ನು ಯಾವ ಮಾತಿನಿಂದ ಹೊಗಳಬೇಕೆಂದು ಒಂದು ಸಮಾಜ ಬಗೆಯುತ್ತದೆ ಎಂಬುದರಿಂದಲೂ ಆ ಸಮಾಜದ ಅಂತರಂಗ ತಿಳಿಯುತ್ತದೆ. ಸೇನಾನಿಯನ್ನು ಲೋಕಕ್ಕೇ ನೆಂಟನೆಂದು ಕರೆಯಲು ಆ ಕಾಲ ನಾಚಲಿಲ್ಲ. ಹಾಗೆ ಕರೆಸಿಕೊಳ್ಳಲು ಸೇನಾನಿಯೂ ನಾಚಲಿಲ್ಲ.

ಈ ಎರಡು ಬಿರುದುಗಳ ನಡುವೆ ಸೇತುವೆಯಂತಿರುವ ಒಂದು ಮಾತು ಹಳೇಬೀಡಿನಲ್ಲಿದೆ. ಗಂಗರಾಜ ತೀರಿಕೊಂಡ ಮೇಲೆ ಅವನ ಮಗ ಬೊಪ್ಪ 1133ರಲ್ಲಿ ತಂದೆಯ ನೆನಪಿಗಾಗಿ ಅಲ್ಲಿ ಪಾರ್ಶ್ವನಾಥ ಬಸದಿಯನ್ನು ಕಟ್ಟಿಸಿದ. ಗಂಗರಾಜ ಯಾವ ಯಾವುದನ್ನು ನರಕವೆಂದು ತಿಳಿದಿದ್ದನು ಎಂಬುದು ಅಲ್ಲಿಯ ಶಾಸನದಲ್ಲಿದೆ. ಏಳು ನರಕಗಳು: ಸುಳ್ಳಾಡುವುದು, ಕಾಳಗದಲ್ಲಿ ಅಂಜುವುದು, ಪರಸತಿಗೆ ಆಸೆಪಡುವುದು, ಮರೆಹೊಕ್ಕವರನ್ನು ಬಿಟ್ಟುಕೊಡುವುದು, ಬೇಡಿ ಬಂದವರನ್ನು ತಣಿಸದೆ ಕಳುಹುವುದು, ತನ್ನನ್ನು ನಂಬಿಕೊಂಡವರನ್ನು ಕೈಬಿಡುವುದು, ಒಡೆಯನಿಗೆ ಎರಡು ಬಗೆಯುವುದು.

ಈ ಪಟ್ಟಿಯನ್ನು ನಿಧಾನವಾಗಿ ಓದಬೇಕು. ಏಳರಲ್ಲಿ ರಣರಂಗಕ್ಕೆ ಸೇರಿದ್ದು ಒಂದೇ ಒಂದು. ಮೂರು, ತನಗಿಂತ ದುರ್ಬಲರಾಗಿ ತನ್ನ ಆಸರೆಗೆ ಬಂದವರ ವಿಷಯ. ಇದು ಮಠದಲ್ಲಿ ಕುಳಿತವರ ಬೋಧೆಯಲ್ಲ. ಕತ್ತಿ ಹಿಡಿದು ನೆತ್ತರು ಕಂಡವನೊಬ್ಬನ ಬಾಳಿನ ತಾತ್ಪರ್ಯ. ತಂದೆಯ ವಿಜಯಗಳ ಜೊತೆಗೆ ತಂದೆಯ ಭಯಗಳನ್ನೂ ಕಲ್ಲಿಗೇರಿಸಬೇಕೆಂದು ಮಗನಿಗೆ ತೋರಿತಲ್ಲ, ಅದು ಸೋಜಿಗ. ಮುಂದಾಳುತನದ ಪಾಠಕ್ಕೆ ಇದಕ್ಕಿಂತ ಚಿಕ್ಕದಾದ, ಚೊಕ್ಕವಾದ ಪಠ್ಯವನ್ನು ನಾನು ಕಂಡಿಲ್ಲ.

ಅಹಿಂಸೆಯನ್ನೇ ಪರಮಧರ್ಮವೆನ್ನುವ ಮತದಲ್ಲಿ ಇಷ್ಟು ಮಂದಿ ಸೇನಾನಿಗಳು ಹೇಗೆ ಹುಟ್ಟಿದರೆಂದು ವಾಚಕರು ಕೇಳಬಹುದು. 978ರಲ್ಲಿ ಗದ್ಯ ಪುರಾಣ ಬರೆದು, ಆಮೇಲೆ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ, ಆಮೇಲೆ ಗಂಗರಾಜ, 1159ರಲ್ಲಿ ಬೆಳಗೊಳದ ಭಂಡಾರಿ ಬಸದಿಯನ್ನು ಕಟ್ಟಿಸಿದ ಹುಳ್ಳ: ಜಿನಶಾಸನವನ್ನು ಎತ್ತಿಹಿಡಿದವರೆಂದು ಶಾಸನಕವಿ ಎಣಿಸುವ ಮೂವರೂ ಅರಸರಲ್ಲ, ದಂಡನಾಯಕರು. ಜೈನ ಆಚಾರ್ಯರು ಯತಿಗೆ ಮಹಾವ್ರತವನ್ನೂ ಗೃಹಸ್ಥನಿಗೆ ಅಣುವ್ರತವನ್ನೂ ವಿಧಿಸಿದರು. ಬೇಕೆಂದು ಸಂಕಲ್ಪಿಸಿ ಮಾಡುವ ಹಿಂಸೆಯನ್ನು ಗೃಹಸ್ಥನೂ ಬಿಡಲೇಬೇಕು; ಕೇಡಿಗನನ್ನು ತಡೆಯುವಲ್ಲಿ ಅನಿವಾರ್ಯವಾಗಿ ಒದಗುವ ಹಿಂಸೆ ಬೇರೆಯ ಲೆಕ್ಕ. ಠಾಣೆಯಲ್ಲಿ ಸಿಟ್ಟಿನ ಏಟಿಗೂ ಗಲಭೆಯಲ್ಲಿ ತಡೆಯುವ ಏಟಿಗೂ ಇರುವ ವ್ಯತ್ಯಾಸ ಇದೇ ಅಲ್ಲವೇ? ಸೋಮದೇವಸೂರಿ ಹತ್ತನೆಯ ಶತಮಾನದಲ್ಲಿ ತನ್ನ ನೀತಿವಾಕ್ಯಾಮೃತದಲ್ಲಿ ದಂಡವನ್ನು ವೈದ್ಯಕ್ಕೆ ಹೋಲಿಸಿದ್ದಾನೆ. ಅದು ಇರುವುದು ದೋಷವನ್ನು ಕಳೆಯುವುದಕ್ಕೆ. ರೋಗಿಯ ಮೇಲೆ ಮುನಿಸಿಕೊಂಡು ಮದ್ದು ಅರೆಯುವ ವೈದ್ಯನುಂಟೇ!

ಇನ್ನೊಂದು ಸೂಕ್ಷ್ಮವಿದೆ. ಅದೇ ಶ್ರಾವಕಾಚಾರದಲ್ಲಿ ಸಾಮಾಯಿಕವೆಂಬ ವ್ರತ ಬರುತ್ತದೆ. ಒಂದು ಮುಹೂರ್ತ ಕಾಲ, ಎಂದರೆ 48 ನಿಮಿಷ, ಎಲ್ಲ ವ್ಯವಹಾರವನ್ನೂ ಬದಿಗಿಟ್ಟು ಸಮಭಾವದಲ್ಲಿ ಕುಳಿತಿರುವುದು ಅದರ ರೀತಿ. ತಿಂಗಳ ಎರಡು ಅಷ್ಟಮಿ, ಎರಡು ಚತುರ್ದಶಿಗಳಲ್ಲಿ ಪ್ರೋಷಧೋಪವಾಸ. ಅಂದು ಉಣಿಸಿಗೆ ಮಾತ್ರವಲ್ಲ, ಉದ್ಯೋಗಕ್ಕೂ ಬಿಡುವು. ಯಾವ ದಂಡನಾಯಕ ಇವನ್ನು ಎಷ್ಟು ಪಾಲಿಸಿದನೆಂಬುದು ನಮ್ಮ ವಾದಕ್ಕೆ ಮುಖ್ಯವಲ್ಲ. ಕತ್ತಿ ಹಿಡಿದವನಿಗೂ ದಿನದಲ್ಲಿ ಒಂದು ಮುಹೂರ್ತ, ತಿಂಗಳಲ್ಲಿ ನಾಲ್ಕು ದಿನ ಅವನದೇ ಆಗಿರಬೇಕೆಂದು ಧರ್ಮ ಬಗೆದಿತ್ತು ಎಂಬುದು ಮುಖ್ಯ. ತಿಂಗಳಿಗೆ ನಾಲ್ಕು ದಿನವೆಂದರೆ ಈಗಿನ ಮಾತಿನಲ್ಲಿ ವಾರದ ರಜೆ.

ಇನ್ನು ಈಚಿನ ಕಾಲಕ್ಕೆ ಬರೋಣ. ಹಳೆಯ ಮೈಸೂರಿನಲ್ಲಿ ಕಂದಾಚಾರದ ಆಳುಗಳು ಕಾವಲು ಕಾಯುತ್ತಿದ್ದ ವ್ಯವಸ್ಥೆ ಹೋಗಿ, ಹತ್ತೊಂಬತ್ತನೆಯ ಶತಮಾನದಲ್ಲಿ ಹೊಸ ಪೊಲೀಸು ಬಂದಿತು. 1857ರ ದಂಗೆಯ ಬೆನ್ನಲ್ಲೇ ಬಂದ 1861ರ ಪೊಲೀಸ್ ಕಾಯಿದೆ ಬ್ರಿಟಿಷ್ ಇಂಡಿಯಾದಲ್ಲಿ ಹಾಕಿಕೊಟ್ಟ ಮೇಲ್ಪಂಕ್ತಿ, ಪ್ರಜೆಗಳ ನಂಟಿಗಿಂತ ಪ್ರಜೆಗಳ ಅಂಕೆಯನ್ನು ಬಯಸಿದ ಮೇಲ್ಪಂಕ್ತಿ. ಲಂಡನ್ನಿಗೆ 1829ರಲ್ಲಿ ಕೊಟ್ಟ ಮಾದರಿಯನ್ನು ಇಲ್ಲಿಗೆ ತರದೆ, ಐರ್ಲೆಂಡನ್ನು ಹಿಡಿತದಲ್ಲಿಡಲು ಮಾಡಿದ ಮಾದರಿಯನ್ನು ತಂದರು. ಹೀಗೆ ಘರಟ್ಟ ಬಂದಿತು, ಬಾಂಧವ ಬರಲಿಲ್ಲ. ತರಬೇತಿಯೆಂದರೆ ಕವಾಯತು ಮತ್ತು ಕಾನೂನಿನ ಕಲಮುಗಳನ್ನು ಬಾಯಿಪಾಠ ಮಾಡುವುದು ಎಂದಾಯಿತು.

ಸ್ವಾತಂತ್ರ್ಯ ಬಂದ ಮರುವರ್ಷ, 1948ರಲ್ಲಿ, ಅಬು ಪರ್ವತದ ಮೇಲೆ ಕೇಂದ್ರ ಪೊಲೀಸ್ ತರಬೇತಿ ಕಾಲೇಜು ಆರಂಭವಾಯಿತು. ಅದೇ ಮುಂದೆ ರಾಷ್ಟ್ರೀಯ ಪೊಲೀಸ್ ಅಕಾಡೆಮಿಯಾಗಿ 1975ರಲ್ಲಿ ಹೈದರಾಬಾದಿಗೆ ಬಂದಿತು. 1971ರಲ್ಲಿ ನೇಮಕವಾದ ಗೋರೆ ಸಮಿತಿ, ಪೊಲೀಸರಿಗೆ ಕೈಕಾಲಿನ ಶಿಸ್ತಿನ ಜೊತೆಗೆ ಮನುಷ್ಯ ಸ್ವಭಾವದ ತಿಳಿವಳಿಕೆಯೂ ಬೇಕು, ಮನೋಭಾವವೇ ಬದಲಾಗಬೇಕು ಎಂದಿತು. ಹಿಂದೆ ನಮ್ಮದೇ ರಾಜ್ಯದ ರಾಜ್ಯಪಾಲರಾಗಿದ್ದ ಧರ್ಮವೀರರ ಅಧ್ಯಕ್ಷತೆಯಲ್ಲಿ 1977ರಲ್ಲಿ ರಾಷ್ಟ್ರೀಯ ಪೊಲೀಸ್ ಆಯೋಗ ಕುಳಿತಿತು. 1979ರ ಅದರ ಮೊದಲ ವರದಿ ಎತ್ತಿಕೊಂಡದ್ದು ಮೇಲಧಿಕಾರಿಗಳ ವಿಷಯವನ್ನಲ್ಲ, ಪೇದೆಯ ಸಂಬಳ, ವಸತಿ, ದುಡಿಮೆಯ ಗಂಟೆಗಳನ್ನು. ಕೆಳಗಿನವನ ಬೆನ್ನು ಮುರಿದು ಮೇಲಿನವನು ಮುಂದಾಳಾಗಲಾರ ಎಂಬುದನ್ನು ಆ ಕ್ರಮವೇ ಸಾರಿತು.

ಮನಸ್ಸಿನ ಆರೋಗ್ಯದ ದಾರಿಯನ್ನು ಇಲಾಖೆ ಮೊದಲು ಕಂಡದ್ದು, ವಿಚಿತ್ರವೆಂದರೆ, ಸೆರೆಮನೆಯಲ್ಲಿ. 1975ರಲ್ಲಿ ಜಯಪುರದ ಕಾರಾಗೃಹದಲ್ಲಿ ವಿಪಶ್ಯನಾ ಧ್ಯಾನದ ಶಿಬಿರ ನಡೆಯಿತು. 1994ರಲ್ಲಿ ತಿಹಾರ್ ಸೆರೆಮನೆಯಲ್ಲಿ, ಪೊಲೀಸ್ ಅಧಿಕಾರಿ ಕಿರಣ್ ಬೇಡಿಯವರ ಮೇಲ್ವಿಚಾರಣೆಯಲ್ಲಿ, ಸಾವಿರಕ್ಕೂ ಮಿಕ್ಕ ಕೈದಿಗಳು ಮೌನವಾಗಿ ಕುಳಿತರು. ಕಾಯುವವನಿಗಿಂತ ಮೊದಲು ಕೈದಿಗೆ ಶಾಂತಿಯ ಪಾಠ ಹೆಚ್ಚಾಗಿ ದೊರೆತದ್ದು ನಮ್ಮ ವ್ಯವಸ್ಥೆಯ ಒಂದು ವಿನೋದ.

ನಮ್ಮಲ್ಲಿ ವಿಷಯ ಬೀದಿಗೆ ಬಂದದ್ದು 2016ರಲ್ಲಿ. ಸಂಬಳ ಸಾಲದು, ರಜೆಯಿಲ್ಲ, ಮೇಲಿನವರ ಕಿರುಕುಳ ತಾಳಲಾರೆವು ಎಂದು ಕರ್ನಾಟಕದ ಪೊಲೀಸ್ ಸಿಬ್ಬಂದಿ ಜೂನ್ 4ರಂದು ಸಾಮೂಹಿಕ ರಜೆ ಹಾಕುವ ಕರೆ ಹೊರಟಿತು. ಸರ್ಕಾರ ಹಿರಿಯ ಪೊಲೀಸ್ ಅಧಿಕಾರಿ ರಾಘವೇಂದ್ರ ಔರಾದ್ಕರ್ ಅವರ ಸಮಿತಿಯನ್ನು ನೇಮಿಸಿತು, ವರದಿ ಬಂದಿತು, 2019ರಲ್ಲಿ ವೇತನ ಪರಿಷ್ಕರಣೆಯೂ ಆಯಿತು. ಇಲಾಖೆಯ ನೋವನ್ನು ಇಲಾಖೆಯಲ್ಲೇ ಬಾಳಿದವರು ಬರೆದರೆ ಕೆಲಸ ಸಾಗುತ್ತದೆ ಎಂಬುದಕ್ಕೆ ಇದು ನಿದರ್ಶನ.

ನಾನು ಹೇಳಬೇಕೆಂದಿರುವುದು ಇದನ್ನೇ. ಮೈಸೂರಿನಲ್ಲಿ ರಾಜ್ಯದ ಪೊಲೀಸ್ ಅಕಾಡೆಮಿಯಿದೆ. ಜಿನನಾಥಪುರದ ಜಿಲ್ಲೆಯಾದ ಹಾಸನದಲ್ಲೇ ಒಂದು ಪೊಲೀಸ್ ತರಬೇತಿ ಶಾಲೆಯಿದೆ. ಒತ್ತಡವನ್ನು ತಾಳುವ ಬಗೆ, ಯೋಗ, ಧ್ಯಾನ, ನಾಯಕತ್ವ ಎಂಬ ಮಾತುಗಳು ಪಾಠಪಟ್ಟಿಗಳಿಗೆ ಬಂದಿವೆ, ಸಂತೋಷ. ಆದರೆ ತರಬೇತಿ ಶಾಲೆಗೆ ವರ್ಗವಾಯಿತೆಂದರೆ ಅದನ್ನು ಶಿಕ್ಷೆಯೆಂದು ಭಾವಿಸುವ ಹಳೆಯ ರೂಢಿ ನಮ್ಮ ದೇಶದ ಪೊಲೀಸಿನಲ್ಲಿ ಇನ್ನೂ ಪೂರ್ತಿ ಅಳಿದಿಲ್ಲ. ಮೂವತ್ತು ವರ್ಷ ಠಾಣೆ, ಗಲಭೆ, ಹೆಣ, ಹೆತ್ತವರ ಗೋಳು ಇವನ್ನೆಲ್ಲ ಕಂಡು ಮನಸ್ಸನ್ನು ಕೆಡಿಸಿಕೊಳ್ಳದೆ ಉಳಿದವನೊಬ್ಬ ನಿವೃತ್ತನಾದರೆ, ಹಾರ ಹಾಕಿ ಬೀಳ್ಕೊಡುತ್ತೇವೆ. ಅವನ ಏಳು ನರಕಗಳು ಯಾವುವೆಂದು ಕೇಳುವುದಿಲ್ಲ. ಉಸಿರಾಟದ ಕ್ರಮವನ್ನು ಯಾರಾದರೂ ಕಲಿಸಬಹುದು. ಸಿಟ್ಟು ನೆತ್ತಿಗೇರಿದ ಗಳಿಗೆಯಲ್ಲಿ ಲಾಠಿಯನ್ನು ಹೇಗೆ ಇಳಿಸಿದೆನೆಂದು, ಅಥವಾ ಇಳಿಸಲಾರದೆ ಹೋದೆನೆಂದು, ಲಾಠಿ ಹಿಡಿದಿದ್ದವನು ಹೇಳಿದರೆ ಮಾತ್ರ ಹೊಸಬನ ಕಿವಿ ತೆರೆದೀತು. ಹಾಗೆ ಹೇಳಬಲ್ಲವರನ್ನು ಹುಡುಕಿ ಗುರುಪೀಠದಲ್ಲಿ ಕೂರಿಸುವುದು ಅವರಿಗೆ ಮಾಡುವ ಉಪಕಾರವಲ್ಲ; ನಾಳೆ ಠಾಣೆಯ ಮೆಟ್ಟಿಲೇರುವ ನಮಗೆ ನಾವೇ ಮಾಡಿಕೊಳ್ಳುವ ಉಪಕಾರ.

ಅಂದು ಬಸದಿಯೊಳಗೆ ಹೋಗಿ ನೋಡಿದೆವು. ರೇಚಿಮಯ್ಯ ಆರಿಸಿಕೊಂಡ ದೇವರು ಶಾಂತಿನಾಥ, ಹದಿನಾರನೆಯ ತೀರ್ಥಂಕರ. ಪುರಾಣದ ಪ್ರಕಾರ ಆತ ಚಕ್ರವರ್ತಿಯೂ ಆಗಿದ್ದವನು. ಚಕ್ರವರ್ತಿಯ ಹದಿನಾಲ್ಕು ರತ್ನಗಳಲ್ಲಿ ದಂಡವೂ ಒಂದು, ಸೇನಾಪತಿಯೂ ಒಂದು. ಅವೆಲ್ಲವನ್ನೂ ಹಿಡಿದು, ಆಳಿ, ಆಮೇಲೆ ಕೆಳಗಿಟ್ಟವನು. ದಂಡವನ್ನು ಎಂದೂ ಹಿಡಿಯದವನ ಶಾಂತಿ ಒಂದು ಬಗೆ. ಹಿಡಿದು ಇಳಿಸಿದವನ ಶಾಂತಿ ಇನ್ನೊಂದು ಬಗೆ. ದಂಡನಾಯಕನಿಗೆ ಬೇಕಾದ ಗುರು ಎರಡನೆಯವನೇ.

ಇದನ್ನು ಹೇಳಿದೆ. ಹುಡುಗ ಬಾಗಿಲ ಬಳಿ ಸ್ವಲ್ಪ ಹೊತ್ತು ಸುಮ್ಮನೆ ನಿಂತಿದ್ದ. ಆಮೇಲೆ ಗಡಿಯಾರ ನೋಡಿಕೊಂಡು, ಹೊರಗೆ ಬಂದು, ಬಾತ ಕಾಲನ್ನು ಬೂಟಿನೊಳಗೆ ತುರುಕಿಕೊಂಡ. "ಬರ್ತೀನಿ ಸಾರ್, ಹೊತ್ತಾಯ್ತು" ಎಂದು ಬೆಳಗೊಳದ ಕಡೆಗೆ ಬಿರಬಿರನೆ ನಡೆದುಬಿಟ್ಟ. ಅವನ ಎರಡು ಗಂಟೆ ಮುಗಿದಿತ್ತು.